ಕಾಲಿಗೆ ಜೋಮು ಇದ್ದವರು ಆ್ಯಂಟಿಬಯೋಟಿಕ್ ನುಂಗುವ ಮುನ್ನ...

ಮುಂಬಯಿ ಮಹಾನಗರದಲ್ಲಿ ಕನ್ನಡ ಸಂಘ-ಸಂಸ್ಥೆ ಇಲ್ಲದ ಉಪನಗರವೇ ಇಲ್ಲ ಎಂದರೆ ತಪ್ಪಾಗಲಾರದು. ಡೊಂಬಿವಲಿಯಿಂದ ಮೀರಾರೋಡ್‌ವರೆಗೆ, ವಾಶಿಯಿಂದ ಬೊರಿವಲಿಯವರೆಗೆ ಹೆಚ್ಚಿನ ಸಂಘಗಳು ಆಗಾಗ ಉಚಿತ ವೈದ್ಯಕೀಯ ತಪಾಸಣಾ ಶಿಬಿರ ನಡೆಸುತ್ತವೆ. ದೀಪ ಬೆಳಗಿಸಿ, ಗಣ್ಯರ ಭಾಷಣ, ಶಾಲು, ಹೂಗುಚ್ಛ ಎಲ್ಲ ಮುಗಿದ ಮೇಲೆ ರಕ್ತದೊತ್ತಡ ನೋಡುತ್ತಾರೆ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ಕಣ್ಣು ಪರೀಕ್ಷಿಸುತ್ತಾರೆ. ಇದು ಶ್ಲಾಘನೀಯ ಕೆಲಸ. ಆದರೆ ಇಂಥ ಶಿಬಿರಗಳಲ್ಲಿ ಚಪ್ಪಲಿ ಕಳಚಿಸಿ ಪಾದ ನೋಡುವುದು ಅಪರೂಪ. "ಅಂಗಾಲಿನಲ್ಲಿ ಜೋಮು ಉಂಟೋ? ಉರಿ ಉಂಟೋ? ಈಚೆಗೆ ಯಾವ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೀರಿ?" ಎಂದು ಕೇಳುವುದು ಇನ್ನೂ ಅಪರೂಪ.

ಈ ಎರಡು ಪ್ರಶ್ನೆಗಳಿಗೆ ಪರಸ್ಪರ ಸಂಬಂಧವಿದೆ ಎಂಬುದೇ ಅನೇಕರಿಗೆ ತಿಳಿದಿಲ್ಲ. ಸೋಂಕು ಗುಣಪಡಿಸುವ ಕೆಲವು ಆ್ಯಂಟಿಬಯೋಟಿಕ್‌ಗಳು ಕೈಕಾಲಿನ ನರಗಳಿಗೆ ಹಾನಿ ಮಾಡಬಲ್ಲವು. ಆರೋಗ್ಯವಂತರಲ್ಲಿ ಇದು ವಿರಳ. ಮೊದಲೇ ನರ ಸವೆದವರಿಗೆ ಮಾತ್ರ ಉಳಿದಿರುವ ಸ್ವಲ್ಪ ಬಂಡವಾಳವೂ ಕರಗುವ ಭಯವಿದೆ. ಸತ್ತ ನರ ಬಡ್ಡಿ ಸಮೇತ ಹಿಂದಿರುಗುವ ಠೇವಣಿಯಲ್ಲ.

ಯಾರಿಗೆ ಈ ಮಾತು?

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಮಧುಮೇಹಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಕಾಲಕ್ರಮದಲ್ಲಿ ಒಂದಲ್ಲ ಒಂದು ಬಗೆಯ ನರಹಾನಿ ಕಾಣಿಸಿಕೊಳ್ಳುತ್ತದೆ ಎಂದು ವೈದ್ಯರು ಹೇಳುತ್ತಾರೆ. ಇದರ ಜತೆಗೆ ಬಿ12 ಕೊರತೆ ಇರುವ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸಿ ಬಿ12 ಕಡಿಮೆಯಾದವರು, ಮದ್ಯಪಾನದ ಚಟವುಳ್ಳವರು, ಕ್ಯಾನ್ಸರ್‌ಗೆ ಕೀಮೋ ಪಡೆದವರು, ಮೂತ್ರಪಿಂಡದ ಕಾಯಿಲೆಯವರು ಇದ್ದಾರೆ. ಹೋಟೆಲ್, ಕ್ಯಾಂಟೀನುಗಳಲ್ಲಿ ಮೂವತ್ತು ನಲವತ್ತು ವರ್ಷ ನಿಂತೇ ದುಡಿದ ತುಳು-ಕನ್ನಡಿಗರು ಕಾಲಿನ ಜೋಮನ್ನು "ನಿಂತು ನಿಂತು ಹಾಗಾಗಿದೆ" ಎಂದು ತಳ್ಳಿಹಾಕುವುದೇ ಹೆಚ್ಚು.

ವಿಪರ್ಯಾಸವೆಂದರೆ, ನರ ಕೆಟ್ಟವರಿಗೇ ಆ್ಯಂಟಿಬಯೋಟಿಕ್ ಹೆಚ್ಚು ಬೇಕಾಗುತ್ತದೆ. ಪಾದಕ್ಕೆ ಸ್ಪರ್ಶ ಗೊತ್ತಾಗದಿದ್ದಾಗ ಚಪ್ಪಲಿ ಕಚ್ಚಿದರೂ, ಮೊಳೆ ಚುಚ್ಚಿದರೂ ತಿಳಿಯದೆ ಗಾಯ ಕೀವಾಗುತ್ತದೆ. ಮೂತ್ರಕೋಶದ ನರ ದುರ್ಬಲವಾದರೆ ಮೂತ್ರ ಪೂರ್ತಿ ಹೋಗದೆ ಮತ್ತೆ ಮತ್ತೆ ಸೋಂಕು ತಗಲುತ್ತದೆ. ಹೀಗೆ ಯಾರು ಹೆಚ್ಚು ಜಾಗ್ರತೆ ವಹಿಸಬೇಕೋ ಅವರೇ ಹೆಚ್ಚು ಬಾರಿ ಈ ಮಾತ್ರೆಗಳನ್ನು ನುಂಗುತ್ತಾರೆ.

ಯಾವ ಮಾತ್ರೆ, ಏನು ಎಚ್ಚರ?

ಪಟ್ಟಿಯಲ್ಲಿ ಮೊದಲನೆಯದು ಫ್ಲೋರೋಕ್ವಿನೊಲೋನ್ ಕುಟುಂಬ. ಸಿಪ್ರೊಫ್ಲಾಕ್ಸಾಸಿನ್, ಆಫ್ಲೊಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ - ಹೀಗೆ ಹೆಸರಿನ ಕೊನೆಗೆ 'ಫ್ಲಾಕ್ಸಾಸಿನ್' ಎಂದಿದ್ದರೆ ಈ ಮನೆತನದ್ದೆಂದು ತಿಳಿಯಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಇವುಗಳಿಂದ ಸ್ನಾಯುರಜ್ಜು ಹರಿಯಬಹುದೆಂದು ಎಚ್ಚರಿಸಿತು. 2013ರ ಆಗಸ್ಟ್‌ನಲ್ಲಿ, ನರಹಾನಿ ಔಷಧ ಆರಂಭಿಸಿದ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳಬಹುದು, ಅದು ಶಾಶ್ವತವಾಗಿಯೂ ಉಳಿಯಬಹುದು ಎಂದು ಲೇಬಲ್‌ನಲ್ಲಿ ಸ್ಪಷ್ಟವಾಗಿ ಬರೆಸಿತು. 2016ರಲ್ಲಿ, ಬೇರೆ ಔಷಧ ಇರುವಾಗ ಸೈನಸ್, ಬ್ರಾಂಕೈಟಿಸ್, ಸಾಮಾನ್ಯ ಮೂತ್ರದ ಸೋಂಕುಗಳಿಗೆ ಇವು ಬೇಡ ಎಂದಿತು. ಯುರೋಪಿನ ಸಂಸ್ಥೆ 2018ರಲ್ಲಿ ಬಳಕೆಗೆ ಕಡಿವಾಣ ಹಾಕಿತು. 2024ರ ಜನವರಿಯಲ್ಲಿ ಬ್ರಿಟನ್ ಇನ್ನೂ ಬಿಗಿಮಾಡಿ, ಸಾಮಾನ್ಯವಾಗಿ ಕೊಡುವ ಬೇರೆ ಆ್ಯಂಟಿಬಯೋಟಿಕ್‌ಗಳು ಸೂಕ್ತವಲ್ಲದಿದ್ದಾಗ ಮಾತ್ರ ಕೊಡಬೇಕೆಂದು ವೈದ್ಯರಿಗೆ ಸೂಚಿಸಿತು. ಹಿಂದೆ ನರಹಾನಿ ಅನುಭವಿಸಿದವರಿಗೆ ಇವನ್ನು ಕೊಡದಿರುವುದು ಲೇಸು ಎಂದು ಅಮೆರಿಕದ ಲೇಬಲ್ ಹೇಳುತ್ತದೆ.

ಹಾಗೆಂದು ಲೆಕ್ಕ ತಪ್ಪಬಾರದು. ಬ್ರಿಟನ್ನಿನ ರೋಗಿಗಳ ದಾಖಲೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಔಷಧ ಸೇವಿಸುತ್ತಿದ್ದವರಲ್ಲಿ ನರಹಾನಿಯ ಸಾಧ್ಯತೆ ಶೇ. 47ರಷ್ಟು ಹೆಚ್ಚು ಕಂಡುಬಂತು. ಆದರೆ ತಲೆ ಎಣಿಕೆಯಲ್ಲಿ ಅದು ವರ್ಷಪೂರ್ತಿ ಸೇವನೆಗೆ ಹತ್ತು ಸಾವಿರ ಮಂದಿಯಲ್ಲಿ ಸುಮಾರು 2.4ರಷ್ಟು ಹೆಚ್ಚಳ ಮಾತ್ರ. ಅದೇ ಅಧ್ಯಯನದಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸೇವಿಸಿದವರಲ್ಲಿ ಇಂಥ ಹೆಚ್ಚಳ ಕಂಡುಬರಲಿಲ್ಲ. ಅಪಾಯ ವಿರಳ, ಆದರೆ ತಪ್ಪಿಸಲು ದಾರಿ ಇದ್ದಾಗ ತಪ್ಪಿಸುವುದು ಜಾಣತನ. ಕಣ್ಣಿಗೆ, ಕಿವಿಗೆ ಹಾಕುವ ಇದೇ ಜಾತಿಯ ಹನಿಗಳಿಂದ ಈ ಅಪಾಯ ಕಂಡುಬಂದಿಲ್ಲ.

ಎರಡನೆಯದು ಮೆಟ್ರೊನಿಡಜೋಲ್, ಟಿನಿಡಜೋಲ್, ಆರ್ನಿಡಜೋಲ್. ಆಮಶಂಕೆ, ಹಲ್ಲಿನ ಬೇರಿನ ಸೋಂಕಿಗೆ ಐದಾರು ದಿನ ಕೊಟ್ಟರೆ ನರಕ್ಕೆ ತೊಂದರೆಯಾಗುವುದು ಅಪರೂಪ. ನಾಲ್ಕು ವಾರ ಮೀರಿದರೆ, ಒಟ್ಟು ಮೆಟ್ರೊನಿಡಜೋಲ್ 42 ಗ್ರಾಂ ದಾಟಿದರೆ ಅಪಾಯ ಏರುತ್ತದೆ. ದಿನಕ್ಕೆ ಮೂರು ಬಾರಿ 400 ಮಿಲಿಗ್ರಾಂ ನುಂಗುವವರು ಐದು ವಾರಗಳಲ್ಲಿ ಈ ಗಡಿ ಮುಟ್ಟುತ್ತಾರೆ. ಹೊಟ್ಟೆ ಕೆಟ್ಟಾಗಲೆಲ್ಲ "ಎರಡು ದಿನಕ್ಕೆ ಕೊಡಿ" ಎಂದು ಔಷಧ ಅಂಗಡಿಯಿಂದ ತರುವ ಆಫ್ಲೊಕ್ಸಾಸಿನ್-ಆರ್ನಿಡಜೋಲ್ ಜೋಡಿ ಮಾತ್ರೆಯಲ್ಲಿ ಈ ಎರಡೂ ಗುಂಪಿನವು ಒಂದೊಂದು ಇವೆ. ಸಾಮಾನ್ಯ ಭೇದಿಗೆ ಹೆಚ್ಚಿನ ವೇಳೆ ಆ್ಯಂಟಿಬಯೋಟಿಕ್ಕೇ ಬೇಕಿಲ್ಲ. ಓಆರ್‌ಎಸ್, ಗಂಜಿ ನೀರು, ವಿಶ್ರಾಂತಿ ಸಾಕು. ರಕ್ತ ಬಿದ್ದರೆ, ಜ್ವರ ಏರಿದರೆ ವೈದ್ಯರ ಬಳಿಗೆ ಹೋಗಬೇಕು.

ಮೂರನೆಯದು ನೈಟ್ರೊಫ್ಯುರಾಂಟಾಯಿನ್. ಮೂತ್ರದ ಸೋಂಕಿಗೆ ಇದು ಒಳ್ಳೆಯ ಔಷಧವೇ. ಆದರೆ ಮೂತ್ರಪಿಂಡ ದುರ್ಬಲವಾದವರು, ಮಧುಮೇಹಿಗಳು, ರಕ್ತಹೀನತೆ ಮತ್ತು ಬಿ ಜೀವಸತ್ವದ ಕೊರತೆ ಇರುವವರಲ್ಲಿ ಇದರಿಂದ ನರಹಾನಿಯ ಭಯ ಹೆಚ್ಚೆಂದು ಔಷಧದ ಲೇಬಲ್ ಹೇಳುತ್ತದೆ. ಮತ್ತೆ ಸೋಂಕು ಬಾರದಿರಲೆಂದು ತಿಂಗಳುಗಟ್ಟಲೆ ಸೇವಿಸುವ ವಯಸ್ಸಾದ ಮಹಿಳೆಯರು ಈ ಬಗ್ಗೆ ವೈದ್ಯರನ್ನು ಮತ್ತೊಮ್ಮೆ ಕೇಳಬೇಕು.

ನಾಲ್ಕನೆಯದು ಲೈನೆಜೊಲಿಡ್. 28 ದಿನ ಮೀರಿದರೆ ಕೈಕಾಲಿನ ನರವಷ್ಟೇ ಅಲ್ಲ, ಕಣ್ಣಿನ ನರಕ್ಕೂ ಕುತ್ತು. ನರನೋವಿಗೆಂದು ಡುಲೊಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಸೇವಿಸುವವರಿಗೆ ಲೈನೆಜೊಲಿಡ್ ಜತೆಯಾದರೆ ಬೇರೊಂದು ಗಂಭೀರ ತೊಂದರೆಯಾಗಬಹುದು. ಆದುದರಿಂದ ಆಗಲೇ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನು ವೈದ್ಯರ ಮುಂದೆ ಹೇಳುವುದು ಅತ್ಯಗತ್ಯ.

ಕ್ಷಯದ ಔಷಧ ಐಸೊನಿಯಾಜಿಡ್‌ನದು ಬೇರೆ ಕತೆ. ಅದು ದೇಹದ ಬಿ6 ಅಂಶವನ್ನು ಕುಗ್ಗಿಸಿ ನರಕ್ಕೆ ತೊಂದರೆ ಕೊಡುತ್ತದೆ. ಇದಕ್ಕೆ ಪರಿಹಾರವೂ ಸುಲಭ: ಜತೆಗೆ ಪಿರಿಡಾಕ್ಸಿನ್ ಮಾತ್ರೆ. ಮಧುಮೇಹವಿದ್ದು ಕ್ಷಯದ ಚಿಕಿತ್ಸೆ ಪಡೆಯುವವರು "ಬಿ6 ಕೊಟ್ಟಿದ್ದೀರಾ?" ಎಂದು ಕೇಳಲೇಬೇಕು. ಹಾಗೆಂದು ಸ್ವಂತ ಬುದ್ಧಿಯಿಂದ ಹೆಚ್ಚು ನುಂಗಬಾರದು. ಅತಿಯಾದರೆ ಅದೇ ಬಿ6 ನರಕ್ಕೆ ಕೆಡುಕು.

ಬದಲಿಗೆ ಏನಿದೆ?

ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಸೆಫಿಕ್ಸಿಮ್‌ನಂಥ ಸೆಫಲೊಸ್ಪೊರಿನ್‌ಗಳು, ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್, ಮೂತ್ರದ ಸೋಂಕಿಗೆ ಒಂದೇ ಬಾರಿ ನೀರಿನಲ್ಲಿ ಕರಗಿಸಿ ಕುಡಿಯುವ ಫಾಸ್ಫೊಮೈಸಿನ್ - ಇವು ಕೈಕಾಲಿನ ನರಕ್ಕೆ ಸಾಮಾನ್ಯವಾಗಿ ತೊಂದರೆ ಕೊಡುವವಲ್ಲ. ಆದರೆ ಪೂರ್ಣ ನಿರಪಾಯವಾದ ಔಷಧ ಯಾವುದೂ ಇಲ್ಲ. ಪೆನಿಸಿಲಿನ್ ಅಲರ್ಜಿ ಪ್ರಾಣಕ್ಕೇ ಸಂಚಕಾರ ತರಬಹುದು. ಹೃದಯ ಬಡಿತದಲ್ಲಿ ಏರುಪೇರು ಇರುವವರಿಗೆ ಅಜಿತ್ರೊಮೈಸಿನ್ ಸರಿಹೊಂದದಿರಬಹುದು. ಮೂತ್ರಪಿಂಡ ಸೋತವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಚುಚ್ಚುಮದ್ದಾಗಿ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್ ಪಾದದ ನರವನ್ನು ಬಿಟ್ಟರೂ ಕಿವಿಯ ನರವನ್ನು ಬಾಧಿಸಬಲ್ಲವು. ಆಯ್ಕೆ ವೈದ್ಯರದು. ಆ ಆಯ್ಕೆಗೆ ಬೇಕಾದ ಮಾಹಿತಿ ಕೊಡುವ ಹೊಣೆ ರೋಗಿಯದು, ಮನೆಯವರದು.

ಆಯ್ಕೆ ಸುಲಭವಾಗಬೇಕಾದರೆ ರೋಗಾಣು ಯಾವುದೆಂದು ತಿಳಿಯಬೇಕು. ಮತ್ತೆ ಮತ್ತೆ ಮೂತ್ರದ ಸೋಂಕು ಬರುವವರು ಮೊದಲ ಮಾತ್ರೆ ನುಂಗುವ ಮುನ್ನ ಮೂತ್ರದ ಕಲ್ಚರ್ ಪರೀಕ್ಷೆಗೆ ಕೊಟ್ಟರೆ ಯಾವ ಔಷಧ ನಾಟುತ್ತದೆ, ಯಾವುದು ನಾಟದು ಎಂಬುದು ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ. ನೆಗಡಿ, ಗಂಟಲು ಕೆರೆತ ಹೆಚ್ಚಾಗಿ ವೈರಸ್‌ನಿಂದ ಬರುವಂಥವು. ಅವುಗಳಿಗೆ ಯಾವ ಆ್ಯಂಟಿಬಯೋಟಿಕ್ಕೂ ನಾಟದು. ವಾರಗಟ್ಟಲೆ ಇರುವ ಕೆಮ್ಮಿಗೆ ಪರೀಕ್ಷೆ ಇಲ್ಲದೆ ಲಿವೊಫ್ಲಾಕ್ಸಾಸಿನ್ ನುಂಗಿದರೆ ಕ್ಷಯ ತಾತ್ಕಾಲಿಕವಾಗಿ ಮರೆಯಾಗಿ ಪತ್ತೆ ತಡವಾಗುವ ಅಪಾಯವೂ ಇದೆ.

ಕಾನೂನು ಇದೆ, ಕೇಳುವವರಿಲ್ಲ

ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಫೋಟೋ, ಪ್ಯಾನ್, ವಿಳಾಸದ ಪುರಾವೆ ಎಲ್ಲ ಬೇಕು. ಹತ್ತು ಮಾತ್ರೆಗಳ ಆ್ಯಂಟಿಬಯೋಟಿಕ್ ಪಟ್ಟಿ ಕೊಳ್ಳಲು ಅನೇಕ ಕಡೆ ಒಂದು ಚೀಟಿಯೂ ಬೇಡ. ಈ ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಕಾನೂನಿದೆ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್-1 ನಿಯಮದಂತೆ ಲಿವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದಂತೆ ಹಲವು ಔಷಧಗಳನ್ನು ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 2024ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು, ಆ್ಯಂಟಿಬಯೋಟಿಕ್ ಬರೆಯುವಾಗ ಕಾರಣವನ್ನೂ ಬರೆಯಿರಿ ಎಂದು ವೈದ್ಯರನ್ನು ಕೋರಿತು. ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವೂ ಇಷ್ಟೇ: ಚೀಟಿ ಇಲ್ಲದೆ ಕೊಳ್ಳಬೇಡಿ. ಅಂಗಡಿಯವರನ್ನು ದೂರುವ ಮೊದಲು "ಕಳೆದ ಸಲ ಕೊಟ್ಟದ್ದನ್ನೇ ಕೊಡಿ" ಎನ್ನುವ ಗಿರಾಕಿಯೂ ಯೋಚಿಸಬೇಕು.

ಮಾತಿನ ತೊಡಕು

ಹೊರನಾಡಿನಲ್ಲಿ ಇನ್ನೊಂದು ಸಮಸ್ಯೆ ಇದೆ. ಊರಿನಿಂದ ಮಗನ ಮನೆಗೆ ಬಂದ ತಾಯಿ "ಕಾಲಿನಲ್ಲಿ ಇರುವೆ ಹರಿದಂತಾಗುತ್ತದೆ, ಮರಗಟ್ಟುತ್ತದೆ" ಎಂದು ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾರೆ. ಜತೆಗೆ ಹೋದವರು ಅದನ್ನು ಹಿಂದಿಯಲ್ಲಿ "ಕಮ್‌ಜೋರಿ" ಎಂದು ಎರಡಕ್ಷರಕ್ಕೆ ಇಳಿಸಿಬಿಡುತ್ತಾರೆ. ವೈದ್ಯರು ಟಾನಿಕ್ ಬರೆಯುತ್ತಾರೆ. ಮರಾಠಿಯಲ್ಲಿ "ಪಾಯಾಲಾ ಮುಂಗ್ಯಾ ಯೇತಾತ್" ಎಂದರೆ ಸಾಕು, ಅಲ್ಲಿಯೂ ಅದೇ ಇರುವೆಯೇ, ವೈದ್ಯರಿಗೆ ಥಟ್ಟನೆ ಅರ್ಥವಾಗುತ್ತದೆ. ಇನ್ನು 'ನರದೌರ್ಬಲ್ಯ' ಎಂಬ ಪದವನ್ನು ಗೋಡೆ ಬರಹದ, ಜಾಹೀರಾತಿನ ನಕಲಿ ವೈದ್ಯರು ಕೆಡಿಸಿಬಿಟ್ಟಿದ್ದಾರೆ. ಗೌರವಸ್ಥರು ಅದನ್ನು ಬಾಯಿಬಿಟ್ಟು ಹೇಳಲು ನಾಚುತ್ತಾರೆ. ಆದುದರಿಂದ 'ನ್ಯೂರೋಪತಿ' ಎಂಬ ಶಬ್ದವನ್ನೇ ಕಲಿತುಕೊಳ್ಳುವುದು ಒಳ್ಳೆಯದು.

ಸಂಘಗಳು ಮಾಡಬಹುದಾದದ್ದು

ಇಲ್ಲಿ ಸಂಘ-ಸಂಸ್ಥೆಗಳ ಪಾತ್ರ ದೊಡ್ಡದು. ಶಿಬಿರಕ್ಕೆ ಬರುವ ವೈದ್ಯರಲ್ಲಿ ಪಾದ ಪರೀಕ್ಷೆಯನ್ನೂ ಮಾಡುವಂತೆ ವಿನಂತಿಸಬೇಕು. ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡುವ ಈ ಪರೀಕ್ಷೆಗೆ ಕೆಲವು ನಿಮಿಷ ಸಾಕು, ಯಂತ್ರ ಬೇಡ. ಫಲಿತಾಂಶವನ್ನು ಸದಸ್ಯರ ಕೈಗೆ ಒಂದು ಪುಟ್ಟ ಕಾರ್ಡಿನಲ್ಲಿ ಕೊಡಬೇಕು. ಕಾರ್ಡಿನಲ್ಲಿ ನಾಲ್ಕೇ ಸಾಲು: ನ್ಯೂರೋಪತಿ ಇದೆಯೇ, ಮೂತ್ರಪಿಂಡದ ಕ್ರಿಯಾಟಿನಿನ್ ಎಷ್ಟು, ಯಾವ ಔಷಧಕ್ಕೆ ಅಲರ್ಜಿ, ನಿತ್ಯ ಸೇವಿಸುವ ಮಾತ್ರೆಗಳು ಯಾವುವು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಪಾಸ್‌ಬುಕ್‌ನಂತೆ ಜೋಪಾನವಾಗಿಟ್ಟು, ಹಲ್ಲಿನ ಡಾಕ್ಟರೇ ಇರಲಿ, ಊರಿನ ಡಾಕ್ಟರೇ ಇರಲಿ, ಚೀಟಿ ಬರೆಯುವ ಮುನ್ನ ಮುಂದಿಡಬೇಕು. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಅಚ್ಚುಹಾಕಿಸುವ ಸಂಘಕ್ಕೆ ಇದು ಹೊರೆಯಾಗದು.

ಕೊನೆಯದಾಗಿ ಒಂದು ಎಚ್ಚರಿಕೆ. ಇದನ್ನೋದಿ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಯಾರೂ ಬೇಕಾದ ಔಷಧವನ್ನೇ ಬಿಡಬಾರದು. ಮಧುಮೇಹಿಯ ಪಾದದ ಸೋಂಕಿಗೆ ಚಿಕಿತ್ಸೆ ತಡವಾದರೆ ಬೆರಳು, ಕಾಲು ಕತ್ತರಿಸುವ ಸ್ಥಿತಿ ಬಂದೀತು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಲಿವೊಫ್ಲಾಕ್ಸಾಸಿನ್, ಲೈನೆಜೊಲಿಡ್‌ಗಳೇ ಜೀವ ಉಳಿಸುವ ಔಷಧಗಳಾಗಬಹುದು. ಅಂಥಲ್ಲಿ ಅಪಾಯ ತಿಳಿದೇ ಸೇವಿಸಬೇಕು. ಸೇವಿಸುವಾಗ ಹೊಸದಾಗಿ ಜೋಮು, ಉರಿ, ಚುಚ್ಚುವಿಕೆ, ಹಿಮ್ಮಡಿಯ ಹಿಂದೆ ನೋವು, ದೃಷ್ಟಿ ಮಂಜಾಗುವುದು ಕಂಡರೆ ಮರುದಿನಕ್ಕೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ಔಷಧದಿಂದಾದ ತೊಂದರೆಯನ್ನು ಭಾರತೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಯೇ ವರದಿ ಮಾಡಬಹುದು.

ದುಡಿದು ನಡೆದ ಕಾಲುಗಳೇ ಮುಂಬಯಿ ಕನ್ನಡಿಗರ ದೊಡ್ಡ ಆಸ್ತಿ. ಮುಂದಿನ ಶಿಬಿರದ ಆಮಂತ್ರಣದಲ್ಲಿ 'ಪಾದ ತಪಾಸಣೆ' ಎಂಬ ಒಂದು ಸಾಲು ಸೇರಲಿ. ಸಂಘಗಳ ಪದಾಧಿಕಾರಿಗಳು ಈ ಬಗ್ಗೆ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಚರ್ಚಿಸುವಂತಾಗಲಿ.