ತೇಲಿದ್ದು ನೀನಲ್ಲ, ಟ್ಯೂಬು

1/8

ಟ್ರಿಪ್ ಮುಗ್ದು ಹತ್ತು ದಿನ ಆಯ್ತು. ಕ್ಲಾಸ್ ಗ್ರೂಪಲ್ಲಿ ಇನ್ನೂ ಅದೇ ಫೋಟೋ, ಅದೇ ರೀಲ್ಸು. ಹಳದಿ ಟ್ಯೂಬು, ಕೂಲಿಂಗ್ ಗ್ಲಾಸು, ಕುತ್ತಿಗೆಗೆ ನೇತಾಕಿರೋ ಪೌಚಲ್ಲಿ ಫೋನು. ನಾನೂ ಹಾಕಿದೀನಿ, ಇಲ್ಲ ಅನ್ನಲ್ಲ. ಮೊದಲನೇ ಫೋಟೋ ನಂದೇ.

ಆದ್ರೆ ಇವತ್ತು ಜಗಳ ಆಡೋಕೆ ಬಂದಿದೀನಿ. ವಾಪಸ್ ಬರೋವಾಗ ಬಸ್ಸಲ್ಲಿ ಎರಡು ಮಾತು ಕೇಳಿಸ್ಕೊಂಡೆ. ನಂಜನಗೂಡು ದಾಟಿ ಬೇಗೂರು ಬರೋವರೆಗೂ ಅದೇ ಚರ್ಚೆ.

ಒಂದು, ಹಿಂದಿನ ಸೀಟಿನ ಹುಡುಗರದ್ದು: ‘ಲೇಜಿ ರಿವರ್ ಬೋರು ಕಣ್ರೋ, ಅದು ಹೆಂಗಸ್ರಿಗೆ, ಮುದುಕ್ರಿಗೆ.’

ಎರಡನೇದು ಮುಂದಿನ ಸೀಟಿಂದ, ನಮ್ಮ ಹುಡುಗೀರದ್ದೇ: ‘ನಂಗೀಗ ತೇಲಕ್ಕೆ ಬರುತ್ತೆ ಕಣೇ!’

ಎರಡೂ ತಪ್ಪು. ಮೊದಲನೇದು ಬರೀ ಕೊಬ್ಬು. ಎರಡನೇದು ಜೀವಕ್ಕೇ ಅಪಾಯ. ಯಾಕೆ ಅಂತ ಎಂಟು ಪೋಸ್ಟಲ್ಲಿ ಹೇಳ್ತೀನಿ. ಪೂರ್ತಿ ಓದಕ್ಕಾಗಲ್ಲ ಅಂದ್ರೆ ಕೊನೇದನ್ನಾದ್ರೂ ಓದಿ.

2/8

ಮೊದಲು ಈ ಲೇಜಿ ರಿವರ್ ಅಂದ್ರೇನು ನೋಡಣ. ನಮ್ಮ ಕಡೆಯಿಂದ ಮೈಸೂರಿನ ಜಿಆರ್‌ಎಸ್‌ಗೋ, ಬಿಡದಿ ಹತ್ರ 2005ರಲ್ಲಿ ಶುರುವಾದ ವಂಡರ್‌ಲಾಗೋ ವರ್ಷಾ ವರ್ಷ ಶಾಲೆ ಕಾಲೇಜಿನ ಬಸ್ಸು ಹೋಗುತ್ತೆ. ಈ ಥರ ಪಾರ್ಕುಗಳಲ್ಲಿ ‘ನದಿ’ ಅಂತ ಕರೆಯೋದು ಅಸಲಿಗೆ ಒಂದು ಸುತ್ತು ಕಾಲುವೆ. ಶುರು ಎಲ್ಲೋ ಕೊನೇನೂ ಅಲ್ಲೇ. ಪಂಪು ನೀರನ್ನ ಒಂದು ಕಡೆಯಿಂದ ಎಳ್ಕೊಂಡು ಇನ್ನೊಂದು ಕಡೆ ಜೋರಾಗಿ ಬಿಡುತ್ತೆ, ಅದಕ್ಕೇ ಹರಿವು. ವೇಗ ನಾವು ಸಂತೇಲಿ ನಡೆಯೋವಷ್ಟು. ಆಳ ಸಾಮಾನ್ಯವಾಗಿ ಮೂರು ಅಡಿ ಆಸುಪಾಸು. ತಳ ಸಮ, ನುಣುಪು. ತಿರುವಿಗೊಬ್ಬ ಲೈಫ್‌ಗಾರ್ಡು, ಬಾಯಲ್ಲಿ ವಿಷಲ್ಲು.

ಗಮನಿಸಿ ನೋಡಿ, ನಡುವೆ ನೀರು ಜೋರು, ಗೋಡೆ ಪಕ್ಕ ನಿಧಾನ. ತಿರುವಲ್ಲಿ ನಿಮ್ಮ ಟ್ಯೂಬು ಯಾವಾಗಲೂ ಹೊರಗಡೆ ಗೋಡೆಗೇ ಹೋಗಿ ಡಿಕ್ಕಿ ಹೊಡೆಯುತ್ತೆ. ಕಾವೇರೀಲೂ ಅದೇ ನಿಯಮ. ತಿರುವಿನ ಹೊರದಡ ಕೊರೆದು ಆಳ ಆಗಿರುತ್ತೆ, ಒಳದಡದಲ್ಲಿ ಮರಳು ಕೂತಿರುತ್ತೆ. ಅಂದ್ರೆ ಇಡೀ ಪಾರ್ಕಲ್ಲಿ ನೀರಿನ ನಡವಳಿಕೆ ಏನು ಅಂತ ಹೇಳಿಕೊಡೋ ಜಾಗ ಇದೊಂದೇ. ಸ್ಲೈಡು ನಿಮ್ಮನ್ನ ಹತ್ತು ಸೆಕೆಂಡಲ್ಲಿ ಎತ್ತಾಕಿ ಬಿಸಾಕುತ್ತೆ. ಅದ್ರಿಂದ ಕಿರುಚೋದು ಬಿಟ್ಟು ಇನ್ನೇನು ಕಲಿತ್ರಿ?

ಬೋರು ಅಂದವ್ರೇ, ಬೋರಾಗಿದ್ದು ನದಿ ಅಲ್ಲ ಬಿಡಿ.

3/8

ಈಗ ನಾವು ಹೆಂಗೆಂಗೆ ತೇಲಿದ್ವಿ ಅಂತ ಲೆಕ್ಕ ಹಾಕಣ. ಫೋಟೋ ಸ್ವೈಪ್ ಮಾಡಿ, ನೀವು ಯಾವುದರಲ್ಲಿ ಇದೀರ ನೋಡ್ಕೊಳ್ಳಿ.

ಸಿಂಹಾಸನ: ಟ್ಯೂಬಿನ ತೂತೊಳಗೆ ಕೂತು ಕಾಲು ಹೊರಗೆ. ನೂರಕ್ಕೆ ಎಂಬತ್ತು ಜನ ಇದೇ. ಆರಾಮು ನಿಜ. ಕೂದಲೂ ನೆನೆಯಲ್ಲ.

ರೈಲು: ಒಬ್ಬರ ಟ್ಯೂಬಿನ ಹಿಡಿ ಇನ್ನೊಬ್ಬರ ಕೈಲಿ, ಹನ್ನೆರಡು ಬೋಗಿ. ತಿರುವಲ್ಲಿ ಸಿಕ್ಕಾಕ್ಕೊಂಡು ಹಿಂದೆ ಬರೋರಿಗೆಲ್ಲ ಟ್ರಾಫಿಕ್ ಜಾಮ್. ಗೋಡೆಗೂ ಟ್ಯೂಬಿಗೂ ನಡುವೆ ನನ್ನ ಬೆರಳು ನಜ್ಜಿಸಿದ ಇಂಜಿನ್ ಡ್ರೈವರ್ ಯಾರು ಅಂತ ನಂಗೆ ಗೊತ್ತು.

ಮೊಸಳೆ: ಟ್ಯೂಬ್ ಮೇಲೆ ಹೊಟ್ಟೆ ಅಡಿಯಾಗಿ ಬಿದ್ಕೊಂಡು ಪಕ್ಕದವರ ಟ್ಯೂಬ್ ಮಗುಚೋದು. ಮಗುಚಿದವರಿಗೆ ಈಜು ಬರಲ್ಲ ಅಂತ ಗೊತ್ತಿದ್ದೂ ಮಾಡೋದು.

ಹ್ಯಾಂಗರು: ಟ್ಯೂಬ್ ಒಳಗೆ ನಿಂತು, ಕಂಕುಳಿಗೆ ಅದನ್ನ ಸಿಕ್ಕಿಸ್ಕೊಂಡು, ತಳದಲ್ಲಿ ನಡ್ಕೊಂಡೇ ಹೋಗೋದು. ಇದು ತೇಲೋದಲ್ಲ, ವಾಕಿಂಗು.

ಬೆಂಚು: ಡ್ರೆಸ್ ಬಾಡಿಗೆಗೆ ದುಡ್ಡಿಲ್ಲದೆ, ಇಲ್ಲಾ ‘ಹುಡುಗೀರು ನೀರಿಗಿಳಿಬಾರ್ದು’ ಅಂತ ಮನೇಲಿ ಹೇಳಿ ಕಳಿಸಿದ್ದಕ್ಕೆ, ದಡದಲ್ಲಿ ಎಲ್ಲರ ಬ್ಯಾಗು ಕಾಯ್ತಾ ಕೂತೋರು. ನಮ್ಮ ಕ್ಲಾಸಲ್ಲಿ ಆರು ಜನ. ಅವರ ಫೋಟೋ ಯಾರೂ ಹಾಕಿಲ್ಲ.

ಈ ಐದರಲ್ಲೂ ಒಂದೇ ಸಮಾಚಾರ. ಟ್ಯೂಬ್ ತೆಗೆದ್ರೆ ಒಬ್ರೂ ತೇಲಲ್ಲ.

4/8

ಅದಕ್ಯಾಕೆ ಇಷ್ಟು ಸಿಟ್ಟು ಅಂತೀರಾ? ಹೇಳ್ತೀನಿ.

ನನ್ನ ಚಿಕ್ಕಪ್ಪನ ಮಗ, ಎಂಟನೇ ಕ್ಲಾಸು. ಅವರ ಶಾಲೆಯಿಂದಲೂ ಹಿಂಗೇ ಒಂದು ವಾಟರ್ ಪಾರ್ಕಿಗೆ ಕರ್ಕೊಂಡು ಹೋಗಿದ್ರು. ಬಂದಾಗಿಂದ ‘ಅಕ್ಕ, ನಂಗೆ ತೇಲಕ್ಕೆ ಬತ್ತದೆ’ ಅಂತ ಒಂದೇ ಸಮ. ಹೋದ ವರ್ಷ ದಸರಾ ರಜೆ, ಮಳೆ ಬಿದ್ದು ನಮ್ಮ ಹೊಲದ ಕೃಷಿ ಹೊಂಡ ತುಂಬಿತ್ತು. ಎಲ್ಲಿಂದಲೋ ಒಂದು ಲಾರಿ ಟ್ಯೂಬ್ ತಂದು ಬಿಟ್ಟ. ಹತ್ತಿ ಕೂತ. ನಮ್ಮ ಸಿಂಹಾಸನ ಸ್ಟೈಲೇ.

ಹೊಂಡದಲ್ಲಿ ಲೈಫ್‌ಗಾರ್ಡ್ ಇಲ್ಲ. ಮೂರು ಅಡಿಗೆ ತಳ ಸಿಗಲ್ಲ. ಟ್ಯೂಬು ಮಗುಚಿತು, ಗಾಳಿ ಅದನ್ನ ಆ ಕಡೆ ದಡಕ್ಕೆ ತಳ್ಕೊಂಡು ಹೋಯ್ತು. ಇವನು ಅಂಚು ಹಿಡಿಯಕ್ಕೆ ನೋಡ್ತಾನೆ, ಪಾಲಿಥಿನ್ ಹಾಳೆ! ಪಾಚಿ ಹಿಡಿದಿರೋ ಹಾಳೆ ಮೇಲೆ ಕೈಯೂ ನಿಲ್ಲಲ್ಲ, ಕಾಲೂ ನಿಲ್ಲಲ್ಲ. ನಾನು ಬದುವಿನ ಮೇಲೆ ನಿಂತು ಕಿರುಚ್ತಾ ಇದೀನಿ ಅಷ್ಟೇ, ನಂಗೂ ಏನೂ ಬರಲ್ಲ.

ತಾತ ಪಂಪ್‌ಸೆಟ್ ಹತ್ರ ಇದ್ರು. ಇಪ್ಪತ್ತು ಲೀಟರಿನ ಖಾಲಿ ಕ್ಯಾನು, ಮುಚ್ಚಳ ಬಿಗಿ ಮಾಡಿ ಎಸೆದ್ರು. ‘ಕೈ ಎತ್ತಬ್ಯಾಡ ಕಣ್ಲಾ, ಅಂಗಾತ ಬೀಳು, ಅಂಗಾತ!’ ಅಂತ ಕೂಗಿದ್ರು. ಅವನಿಗೆ ಅಂಗಾತ ಅಂದ್ರೆ ಏನಂತಲೇ ಗೊತ್ತಿಲ್ಲ. ಕ್ಯಾನು ಕೈಗೆ ಸಿಕ್ತು, ಅದನ್ನ ತಬ್ಬಿಕೊಂಡ. ಸ್ಪ್ರಿಂಕ್ಲರ್ ಪೈಪು ಚಾಚಿ ಎಳೆದ್ವಿ. ಬದುಕಿದ.

ಅವತ್ತು ರಾತ್ರಿ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ತೇಲ್ದೆ, ಇಲ್ಲಿ ಯಾಕಕ್ಕ ಮುಳುಗ್ದೆ?’

5/8

ಉತ್ತರ ಟೈಟಲ್ಲಲ್ಲೇ ಇದೆ. ಅಲ್ಲಿ ತೇಲಿದ್ದು ಟ್ಯೂಬು. ಅವನು ಬರೀ ಲಗೇಜು.

ಆದ್ರೆ ಮನುಷ್ಯನ ಮೈ ತೇಲುತ್ತೆ. ಹೈಸ್ಕೂಲಲ್ಲಿ ಆರ್ಕಿಮಿಡೀಸ್ ಬಾಯಿಪಾಠ ಮಾಡಿದ್ವಲ್ಲ, ಐದು ಮಾರ್ಕ್ಸಿಗೆ? ಮೈ ಎಷ್ಟು ನೀರನ್ನ ಪಕ್ಕಕ್ಕೆ ತಳ್ಳುತ್ತೋ ಅಷ್ಟು ನೀರಿನ ತೂಕದಷ್ಟು ಬಲ ಮೇಲಕ್ಕೆ. ನಮ್ಮ ಮೈ ತೂಕ ಅಷ್ಟೇ ಗಾತ್ರದ ನೀರಿನ ತೂಕಕ್ಕೆ ಹತ್ರ ಹತ್ರ ಸಮ. ಎದೆ ತುಂಬ ಉಸಿರು ಎಳ್ಕೊಂಡ್ರೆ ಹೆಚ್ಚಿನವರ ಮೈ ನೀರಿಗಿಂತ ಒಂಚೂರು ಹಗುರ.

ಆ ಒಂಚೂರನ್ನ ಎಲ್ಲಿ ಖರ್ಚು ಮಾಡ್ತೀರ ಅನ್ನೋದೇ ಎಲ್ಲಾ. ತಲೆ ಒಂದೇ ನಾಲ್ಕೈದು ಕೆಜಿ. ಗಾಬರೀಲಿ ತಲೆ ಪೂರ್ತಿ ಮೇಲೆತ್ತಿ, ‘ಕಾಪಾಡಿ’ ಅಂತ ಕೈಯೂ ಎತ್ತಿದ್ರೆ, ನೀರಿನ ಹೊರಗೆ ಹೋದ ಅಷ್ಟೂ ತೂಕವನ್ನ ಹೊರೋರು ಯಾರು? ಬಾಯಿ ಮುಳುಗುತ್ತೆ. ತಾತ ಕೈ ಎತ್ತಬೇಡ ಅಂದಿದ್ದು ಅದಕ್ಕೇ. ಅವರು ಆರ್ಕಿಮಿಡೀಸ್ ಓದಿಲ್ಲ, ಬಾವೀಲಿ ಕಲಿತಿದ್ರು.

ಅಂಗಾತ ತೇಲೋದು ಹಿಂಗೆ: ಬೆನ್ನ ಮೇಲೆ ಬೀಳು. ಕಿವಿ ನೀರೊಳಗೆ ಹೋಗ್ಲಿ, ಭಯ ಬೇಡ. ಗದ್ದ ಆಕಾಶಕ್ಕೆ. ಎದೆ ತುಂಬ ಉಸಿರು. ಕೈ ಎರಡೂ ಪಕ್ಕಕ್ಕೆ, ನೀರೊಳಗೇ ಇರ್ಲಿ, ಮೆಲ್ಲಗೆ ಆಡಿಸು. ಕಾಲು ಇಳಿದ್ರೆ ಇಳೀಲಿ. ಮೂಗು ಬಾಯಿ ಹೊರಗಿದ್ರೆ ಸಾಕು. ಹರಿಯೋ ನೀರಾದ್ರೆ ಪಾದ ಮುಂದೆ, ತಲೆ ಹಿಂದೆ. ಬಂಡೆ ಬಂದ್ರೆ ಪಾದಕ್ಕೆ ತಾಗ್ಲಿ, ತಲೆಗೆ ಬೇಡ.

ಬ್ರಿಟನ್ನಿನ ಸಮುದ್ರ ರಕ್ಷಣಾ ಸಂಸ್ಥೆ ಆರ್‌ಎನ್‌ಎಲ್‌ಐ ಕೂಡ ಜನಕ್ಕೆ ಇದನ್ನೇ ಹೇಳಿಕೊಡುತ್ತೆ: ಮೊದಲು ತೇಲು, ಆಮೇಲೆ ಈಜು. ಅವರದ್ದಕ್ಕೂ ನಮ್ಮ ತಾತನ ಮಾತಿಗೂ ಏನೂ ವ್ಯತ್ಯಾಸ ಇಲ್ಲ.

6/8

ತಾತ ಕಲಿತದ್ದು ಹೆಂಗೆ? ತೆರೆದ ಬಾವೀಲಿ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಅವರಪ್ಪ ತಳ್ಳಿದ್ರಂತೆ. ಕೆಲವರಿಗೆ ಬಾಳೆದಿಂಡು. ನಾಲ್ಕು ದಿನಕ್ಕೆ ಬುರುಡೆ ಬಿಚ್ಚಿಬಿಡೋರು. ಇಲ್ಲೇ ಇರೋದು ನೋಡಿ ವಿಷಯ. ಆ ಬುರುಡೆ ಕಟ್ತಿದ್ದಿದ್ದೇ ಒಂದು ದಿನ ಬಿಚ್ಚೋದಕ್ಕೆ. ನಮ್ಮ ಟ್ಯೂಬನ್ನ ನಾವು ಯಾವತ್ತೂ ಬಿಚ್ಚಲ್ಲ.

ಆಮೇಲೆ ಬೋರ್‌ವೆಲ್ ಬಂದ್ವು. ಬಾವಿ ಬತ್ತಿದ್ವು, ಕಸ ತುಂಬಿದ್ವು. ಗುಂಡ್ಲುಪೇಟೆ ಕಡೆ ಕೆರೆಗಳೂ ಎಷ್ಟೋ ವರ್ಷ ಒಣಗಿ ಜಾಲಿ ಬೆಳೆದಿದ್ವು. ನಮ್ಮಪ್ಪನ ಕಾಲಕ್ಕೆ ಈಜು ಕಲಿಯೋಕೆ ನೀರೇ ಇರಲಿಲ್ಲ.

ಈಗ ನೀರು ವಾಪಸ್ ಬಂದಿದೆ. ಕಬಿನಿ ನೀರು ಕೆರೆಗಳಿಗೆ ಹರಿಸ್ತಿದಾರೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಹೊಂಡ ಆಗಿವೆ. ಚಾಮರಾಜನಗರದ ಕರಿಕಲ್ಲು ದೇಶಕ್ಕೆಲ್ಲ ಹೆಸರು. ಕಲ್ಲು ತೆಗೆದು ಬಿಟ್ಟ ಕ್ವಾರಿ ಗುಂಡಿಗಳಲ್ಲಿ ಮಳೆ ನೀರು ನಿಂತಿರುತ್ತೆ, ಆಳ ಎಷ್ಟು ಅಂತ ಮೇಲಿಂದ ಕಾಣಲ್ಲ. ನೀರು ವಾಪಸ್ ಬಂತು, ಈಜು ಬರಲಿಲ್ಲ. ಒಂದು ತಲೆಮಾರು ಮರೆತು ಹೋಯ್ತು.

ಇನ್ನು ಅಜ್ಜಿ ಕಥೆ. ಅದೇ ಬಾವಿಯಿಂದ ನಲವತ್ತು ವರ್ಷ ನೀರು ಸೇದಿದಾರೆ. ಒಂದು ದಿನಾನೂ ಅದರೊಳಗೆ ಇಳಿದಿಲ್ಲ. ತಾತನಿಗೆ ಸೋರೆಬುರುಡೆ, ಅಜ್ಜಿಗೆ ಹಗ್ಗ ಮತ್ತೆ ಬಿಂದಿಗೆ. ನಮ್ಮ ಬೆಂಚಿನ ಆರು ಜನ ಇದಾರಲ್ಲ, ಅವರು ಅಜ್ಜಿಯ ಜಾಗದಲ್ಲೇ ಇನ್ನೂ ಕೂತಿದಾರೆ. ಅದಕ್ಕೇ ‘ಲೇಜಿ ರಿವರ್ ಹೆಂಗಸ್ರಿಗೆ’ ಅಂದಾಗ ನಂಗೆ ಉರಿದಿದ್ದು. ಹೌದಪ್ಪ, ಹೆಂಗಸ್ರಿಗೇ. ನಮ್ಮ ಕಡೆ ಒಬ್ಬ ಹುಡುಗಿಗೆ ಹರಿಯೋ ನೀರಲ್ಲಿ ಮೈ ಬಿಡೋಕೆ ಸಿಗೋ ಜಾಗ ಬಹುಶಃ ಅದೊಂದೇ.

7/8

ನೀವು ಏನಂತೀರ ಗೊತ್ತು. ಒಂದೊಂದಕ್ಕೇ ಉತ್ತರ ಕೊಡ್ತೀನಿ.

‘ದುಡ್ಡು ಕೊಟ್ಟು ಮಜಾ ಮಾಡಕ್ಕೆ ಹೋಗಿದ್ದು, ಪಾಠ ಕೇಳಕ್ಕಲ್ಲ.’ ಮಜಾ ಮಾಡಿ. ಇಡೀ ದಿನದಲ್ಲಿ ನಾನು ಕೇಳ್ತಿರೋದು ಅರ್ಧ ಗಂಟೆ. ಒಂದು ಸ್ಲೈಡಿನ ಕ್ಯೂಗಿಂತ ಕಮ್ಮಿ.

‘ಪಾರ್ಕಲ್ಲಿ ಟ್ಯೂಬ್ ಇಲ್ದೆ ಬಿಡಲ್ಲ.’ ಕೆಲವು ಕಡೆ ಬಿಡಲ್ಲ, ಸರಿ. ಕೇಳಿದ್ರಾ? ನಾನು ಕೇಳಿದೆ. ಲೈಫ್‌ಗಾರ್ಡ್ ಅಣ್ಣ ‘ರಷ್ ಇಲ್ದಾಗ, ಅಂಚಲ್ಲಿ, ಒಬ್ರು ಪಕ್ಕ ನಿಂತ್ಕೊಂಡ್ರೆ ಪರವಾಗಿಲ್ಲ’ ಅಂದ್ರು. ಗೆಳತಿ ಬೆನ್ನಡಿ ಕೈ ಕೊಟ್ಟು ನಿಂತ್ಲು. ಮೂರು ಸಲ ನೀರು ಕುಡಿದೆ. ನಾಲ್ಕನೇ ಸಲ ಅವಳು ಕೈ ತೆಗೆದಿದ್ದು ನಂಗೆ ಗೊತ್ತೇ ಆಗಲಿಲ್ಲ. ಕಿವಿ ಒಳಗೆ ಬರೀ ಪಂಪಿನ ಗುಂಯ್ ಸದ್ದು, ಮೇಲೆ ಆಕಾಶ. ರೈಲಿನೋರು ನೋಡಿ ನಕ್ಕರು. ನಗ್ಲಿ ಬಿಡಿ. ಬಿಡದ ಪಾರ್ಕಲ್ಲಿ ಮಕ್ಕಳ ಕೊಳ ಇದ್ದೇ ಇರುತ್ತೆ, ಅಲ್ಲಿ ಮಾಡಿ.

‘ನಾವು ಕೆರೆಗೆ ಹೋಗೋದೇ ಇಲ್ಲ.’ ಮೋಟಾರ್ ಆನ್ ಮಾಡಕ್ಕೆ ಹೋಗ್ತೀರಲ್ಲ? ಬಟ್ಟೆ ಒಗಿಯಕ್ಕೆ, ಮೇಕೆ ಹಿಡಿಯಕ್ಕೆ? ಜಾರೋ ಕಾಲು ನಿಮ್ಮ ಪ್ಲಾನ್ ಕೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ನೀರಲ್ಲಿ ಮುಳುಗಿ ಸತ್ತೋರು ಸುಮಾರು 3 ಲಕ್ಷ. 5ರಿಂದ 14 ವರ್ಷದ ಮಕ್ಕಳ ಸಾವಿಗೆ ಮೂರನೇ ದೊಡ್ಡ ಕಾರಣ ಇದು. ಅದಕ್ಕೆ ಅವರು ಹೇಳೋ ಪರಿಹಾರಗಳಲ್ಲಿ ಒಂದು, ಶಾಲೆ ಮಕ್ಕಳಿಗೆ ಈಜು ಮತ್ತೆ ನೀರಿನ ಸುರಕ್ಷತೆ ಕಲಿಸೋದು.

‘ಅಂಗಾತ ಬಂದ್ರೆ ಕೆರೆಗಿಳಿಬಹುದಾ?’ ಇಲ್ಲ! ಅರ್ಧ ಗಂಟೆ ಕಲಿತದ್ದು ಇಳಿಯೋಕೆ ಲೈಸೆನ್ಸ್ ಅಲ್ಲ. ಜಾರಿ ಬಿದ್ರೆ, ಯಾರಾದ್ರೂ ಬರೋವರೆಗೂ ಉಸಿರಾಡ್ತಾ ಇರೋಕೆ ಅದು. ಕೆರೇಲಿ ಹೂಳಿದೆ, ಮಣ್ಣು ತೆಗೆದ ಗುಂಡಿ ಇದೆ, ಕಾವೇರೀಲಿ ಸುಳಿ ಇದೆ.

8/8

ಇಲ್ಲಿಗೆ ಬಂದೋರಿಗೆ ನಾಲ್ಕು ಕೆಲಸ.

ಮುಂದಿನ ಟ್ರಿಪ್ಪಲ್ಲಿ ಮೊದಲ ಅರ್ಧ ಗಂಟೆ ಲೇಜಿ ರಿವರ್. ಇಬ್ಬಿಬ್ಬರು ಜೋಡಿ. ಒಬ್ರು ಅಂಗಾತ, ಇನ್ನೊಬ್ರ ಕೈ ಬೆನ್ನಡಿ. ಆಮೇಲೆ ಬೇಕಾದ್ರೆ ರೈಲು ಬಿಡಿ, ನಾನೂ ಒಂದು ಬೋಗಿ ಆಗ್ತೀನಿ.

ಬೆಂಚಲ್ಲಿ ಯಾರೂ ಕೂರಬಾರದು. ಡ್ರೆಸ್ ಬಾಡಿಗೆ ದುಡ್ಡನ್ನ ಟ್ರಿಪ್ ದುಡ್ಡಲ್ಲೇ ಸೇರಿಸಿ ಎಲ್ಲರ ಹತ್ರಾನೂ ಕಲೆಕ್ಟ್ ಮಾಡಣ. ಮನೇಲಿ ಬೇಡ ಅಂದ್ರೆ ಅವರಮ್ಮನ ಹತ್ರ ನಾವೇ ಹೋಗಿ ಮಾತಾಡಣ. ಬ್ಯಾಗಿಗೆ ಲಾಕರ್ ಇದೆ.

ನಮ್ಮ ಲೆಕ್ಚರರ್‌ಗಳು ಇದನ್ನ ಓದ್ತಾರೆ ಅಂತ ಗೊತ್ತು. ಸರ್, ಮೇಡಮ್, ಪೋಷಕರ ಸಹಿ ತಗೊಳ್ಳೋ ಆ ಲೆಟರಲ್ಲಿ ಇನ್ನೊಂದು ಸಾಲು ಸೇರಿಸಿ: ‘ಈ ವಿದ್ಯಾರ್ಥಿಗೆ ತೇಲಲು ಬರುತ್ತದೆಯೇ?’ ಎಷ್ಟು ‘ಇಲ್ಲ’ ಬರುತ್ತೆ ನೋಡಿ, ಆಮೇಲೆ ಏನು ಮಾಡಬೇಕು ಅಂತ ನೀವೇ ಹೇಳ್ತೀರ. ಜುಲೈ 25 ಮುಳುಗಡೆ ಸಾವು ತಡೆಯೋ ವಿಶ್ವ ದಿನ. ಅವತ್ತು ಒಂದು ಪೀರಿಯಡ್ ಕೊಡಿ ಸಾಕು.

ಕೊನೇದು, ಇವತ್ತೇ ಮಾಡೋದು. ನಿಮ್ಮ ಹೊಲದಲ್ಲಿ ಹೊಂಡ ಇದ್ರೆ ಒಂದು ಗೂಟ ಹೊಡೆದು, ಗಂಟು ಗಂಟು ಹಾಕಿದ ಹಗ್ಗ ನೀರೊಳಗೆ ಇಳಿಬಿಡಿ. ಪಕ್ಕದಲ್ಲಿ ಮುಚ್ಚಳ ಬಿಗಿ ಇರೋ ಒಂದು ಖಾಲಿ ಕ್ಯಾನು ಕಟ್ಟಿಡಿ. ಯಾರಾದ್ರೂ ಬಿದ್ರೆ ನೀವು ಹಾರಬೇಡಿ, ಕ್ಯಾನು ಎಸೀರಿ, ಹಗ್ಗ, ಪೈಪು, ಸೀರೆ ಏನು ಸಿಕ್ಕಿದ್ರೆ ಅದು ಚಾಚಿ.

ಎಂಟನೇ ಫೋಟೋ ನಮ್ಮ ಹೊಂಡದ್ದು. ನೀಲಿ ಹಗ್ಗ, ಹಳೇ ಕ್ಯಾನು. ಹಗ್ಗದ ಗಂಟು ಹಾಕಿದ್ದು ನನ್ನ ತಮ್ಮ, ಅದೇ ಎಂಟನೇ ಕ್ಲಾಸಿನೋನು.

ನಿಮ್ಮ ಹೊಂಡಕ್ಕೆ ಹಗ್ಗ ಕಟ್ಟಿ ಫೋಟೋ ಹಾಕಿ, ಕಾಮೆಂಟಲ್ಲಿ ಊರ ಹೆಸರು ಬರೀರಿ. ಟ್ಯೂಬ್ ಫೋಟೋಗೆ ಮುನ್ನೂರು ಲೈಕ್ ಬಂತಲ್ಲ, ಇದಕ್ಕೆ ಮೂವತ್ತು ಊರು ಬರ್ಲಿ ನೋಡಣ.

#ಗುಂಡ್ಲುಪೇಟೆ #ಚಾಮರಾಜನಗರ #ಅಂಗಾತ #ಹೊಂಡಕ್ಕೊಂದುಹಗ್ಗ