ತಿಗರಿ ಬಂತು, ಮಣ್ಣು ಹೋಯಿತು

ಬೇಸಿಗೆಯಲ್ಲಿ ಪೇಟೆಯ ರಸ್ತೆಬದಿಗೆ ನಲ್ಲಿ ಕೂಡಿಸಿದ ಮಡಕೆಗಳ ಸಾಲು ಬಂದಾಗ, ಕುಂಬಾರಿಕೆಗೆ ಒಳ್ಳೆಯ ಕಾಲ ಮರಳಿತೆಂದು ಸಮಾಧಾನಪಡುತ್ತೇವೆ. ಹಳ್ಳಿಯ ಕುಂಬಾರಗೇರಿಯಲ್ಲಿ ಕೇಳಿದರೆ ಬೇರೆಯೇ ಸುದ್ದಿ. ಕೊಳ್ಳುವವರಿದ್ದಾರೆ, ಮಣ್ಣಿಲ್ಲ.

ಮಡಕೆಗೆ ಸಿಕ್ಕಿದ ಮಣ್ಣು ಆಗದು. ಕೆರೆಯಂಗಳದ ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ ಜಿಗುಟು ಜೇಡಿ ಸಿಗುತ್ತದೆಂಬುದು ಆಯಾ ಊರಿನ ಕುಂಬಾರರಿಗೆ ತಲೆಮಾರುಗಳಿಂದ ಗೊತ್ತು. ಈಗ ಹೂಳೆತ್ತುವುದೆಂದರೆ ಜೆಸಿಬಿ. ಗೋಡು, ಮರಳು, ಜೇಡಿ ಎಲ್ಲ ಒಂದೇ ಟಿಪ್ಪರಿಗೆ ಬಿದ್ದು ಇಟ್ಟಿಗೆ ಗೂಡಿಗೋ ಬಡಾವಣೆಯ ತಗ್ಗಿಗೋ ಹೋಗುತ್ತದೆ. ಅಂಥ ಬೆರಕೆ ಮಣ್ಣಿನಲ್ಲಿ ಕಡಲೆ ಗಾತ್ರದ ಸುಣ್ಣಕಲ್ಲೊಂದು ಉಳಿದರೂ ಸಾಕು. ಆವಿಗೆಯಲ್ಲಿ ಬೆಂದು, ಆಮೇಲೆ ತೇವ ಹೀರಿ ಅರಳಿ, ಚೆನ್ನಾಗಿಯೇ ಇದ್ದ ಮಡಕೆಯ ಚಕ್ಕೆ ಎಬ್ಬಿಸುತ್ತದೆ.

ತಮ್ಮ ರೂಢಿಯಂತೆ ಕೈಯಿಂದ ಮಣ್ಣು ತೆಗೆಯುವ ಕುಂಬಾರರಿಗೆ ಪರಿಸರ ಅನುಮತಿ ಬೇಡವೆಂದು ಕೇಂದ್ರ ಪರಿಸರ ಸಚಿವಾಲಯ 2016ರ ಜನವರಿಯಲ್ಲೇ ಅಧಿಸೂಚನೆ ಹೊರಡಿಸಿದೆ. ಲೇಔಟ್ ಆಗಿಹೋದ ಕೆರೆಯ ಮುಂದೆ ಆ ಕಾಗದ ಹಿಡಿದು ನಿಂತರೆ ಏನು ಸಿಕ್ಕೀತು?

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಿಂದ ಕುಂಬಾರರಿಗೆ ವಿದ್ಯುತ್ ತಿಗರಿ ಹಂಚುತ್ತಿದೆ. ರಟ್ಟೆಯ ಶ್ರಮ ಉಳಿಸುವ ಒಳ್ಳೆಯ ಕೆಲಸ, ಅಲ್ಲಗಳೆಯುವಂತಿಲ್ಲ. ಗುಂಡುತಳದ ಮಡಕೆ ಮಾತ್ರ ತಿಗರಿಯ ಮೇಲೆ ಪೂರ್ತಿಯಾಗುವುದೇ ಇಲ್ಲ. ಅಲ್ಲಿ ಏಳುವುದು ಬಾಯಿ, ಕಂಠ, ದಪ್ಪ ಗೋಡೆ. ನೆರಳಲ್ಲಿ ಅರೆ ಆರಿದ ಮೇಲೆ ಒಳಗೊಂದು ಕಲ್ಲು ಹಿಡಿದು, ಬೂದಿ ಉದುರಿಸುತ್ತ, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಕೂಡಿಸಬೇಕು. ಗೋಡೆ ತೆಳುವಾಗುವುದೂ ಆಗಲೇ. ಆ ತೆಳು ಗೋಡೆಯಿಂದ ಜಿನುಗಿದ ನೀರು ಆವಿಯಾಗುವುದರಿಂದಲೇ ಒಳಗಿನದು ತಣ್ಣಗಾಗುವುದು. ಮೂಲೆಯಿಲ್ಲದ ತಳವಾದ್ದರಿಂದಲೇ ಒಲೆಯ ಉರಿಯನ್ನು ಅದು ತಾಳುವುದು. ಒಂದು ತಟ್ಟು ಹೆಚ್ಚಾದರೆ ತೂತು, ಕಡಿಮೆಯಾದರೆ ಭಾರ. ತಟ್ಟುವ ಕೈ ಪಳಗಲು ವರ್ಷಗಳು ಬೇಕು, ಆ ವರ್ಷಗಳುದ್ದಕ್ಕೂ ಹದವಾದ ಮಣ್ಣು ಬೇಕು. ಮಣ್ಣೇ ಸಿಗದ ಮನೆಯ ಹುಡುಗ ಊರು ಬಿಟ್ಟು ದುಡಿಯಲು ಹೋದರೆ ಅವನನ್ನು ದೂರುವುದು ಹೇಗೆ?

ಕುಂಬಾರ ಗುಂಡಯ್ಯನ ಮೇಲೆ ಹರಿಹರ ರಗಳೆಯನ್ನೇ ಬರೆದ ನಾಡಿದು. ಸರ್ವಜ್ಞ ಜಯಂತಿಯ ವೇದಿಕೆಯಲ್ಲಿ ಕುಂಬಾರರಿಗೆ ಶಾಲು ಹೊದಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಶಾಲಿನ ಜೊತೆಗೆ ಒಂದು ಗಾಡಿ ಮಣ್ಣನ್ನೂ ಕೊಡಬಹುದಿತ್ತು.

ಕೆರೆ ಹೂಳೆತ್ತುವ ಪ್ರತಿ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಜೇಡಿ ಪದರವನ್ನು ಬೇರೆ ತೆಗೆದಿಡುವ ಬಾಬ್ತು ಸೇರಬೇಕು. ಯಂತ್ರ ಇಳಿಯುವ ಮುನ್ನ ಊರಿನ ಕುಂಬಾರರನ್ನು ಕರೆದು, ಅವರು ತೋರಿಸಿದ ಜಾಗವನ್ನು ಗ್ರಾಮ ಪಂಚಾಯಿತಿ ಗಡಿಕಲ್ಲು ನೆಟ್ಟು ದಾಖಲಿಸಬೇಕು. ಇದಕ್ಕೆ ಹೊಸ ಕಾಯಿದೆ ಬೇಡ. ಕೆರೆ ಬತ್ತಿರುವ ಬೇಸಿಗೆಯಲ್ಲೇ ಆಗಬೇಕು. ಮಳೆ ಹಿಡಿದರೆ ಮತ್ತೊಂದು ವರ್ಷದ ಮಾತು.