ಒಂಟೆಗೆ ಬಾಗಿಲು ಕೊರೆಯಬೇಡಿ

ಭಾನುವಾರ ಬೈಬಲ್ ಸ್ಟಡಿ, ಶನಿವಾರ ರಾತ್ರಿ ಎಐಗೆ ಪ್ರಶ್ನೆ. ನಮ್ಮಲ್ಲಿ ಅನೇಕರ ತಯಾರಿ ಈಗ ಇಷ್ಟೇ. ಕ್ಷಣದಲ್ಲಿ ಐದು ಪಾಯಿಂಟ್ ಬರುತ್ತೆ, ಕೊನೆಗೊಂದು ‘ಜೀವನಕ್ಕೆ ಪಾಠ’ವೂ ಇರುತ್ತೆ. ಇದರಲ್ಲೇನು ತಪ್ಪು ಅಂತೀರಾ? ಒಂದು ವಾಕ್ಯ ಹಿಡಿದು ನೋಡೋಣ.

ಮತ್ತಾಯ 19:24. ಒಂಟೆ ಸೂಜಿಕಣ್ಣಲ್ಲಿ ತೂರಿದರೂ ತೂರೀತು, ಸಾಹುಕಾರ ದೇವರ ರಾಜ್ಯ ಸೇರೋದು ಅದಕ್ಕಿಂತ ಕಷ್ಟ ಅಂತಾನೆ ಯೇಸು. ಇದಕ್ಕೊಂದು ಹಳೇ ವಿವರಣೆ ಇದೆ: ಜೆರುಸಲೇಮಿನಲ್ಲಿ ‘ಸೂಜಿಕಣ್ಣು’ ಎಂಬ ಪುಟ್ಟ ಬಾಗಿಲಿತ್ತು, ಹೊರೆ ಇಳಿಸಿ ಮಂಡಿಯೂರಿದರೆ ಒಂಟೆ ಒಳಗೆ ಹೋಗುತ್ತಿತ್ತು. ಚೆಂದದ ಕಥೆ. ಆದರೆ ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತು ಅನ್ನೋದಕ್ಕೆ ಪುರಾವೆಯೇ ಇಲ್ಲ. ಇನ್ನು ಕೆಲವರು ಗ್ರೀಕಿನ ‘ಕಮೆಲೋಸ್’ ಅಲ್ಲ, ‘ಕಮಿಲೋಸ್’, ಅಂದರೆ ಹಗ್ಗ ಅಂತಾರೆ. ಒಬ್ಬರು ಸೂಜಿಕಣ್ಣನ್ನು ದೊಡ್ಡದು ಮಾಡಿದರು, ಇನ್ನೊಬ್ಬರು ಒಂಟೆಯನ್ನು ಸಣ್ಣದು ಮಾಡಿದರು.

ಈ ಕಥೆಗಳನ್ನು ಎಐ ಹುಟ್ಟಿಸಿಲ್ಲ, ಹಬ್ಬಿಸಿದವರು ಪ್ರಸಂಗಿಗಳೇ. ಎಐ ಮಾಡೋದು ‘ಕೆಲವರು ಹೀಗೆ, ಕೆಲವರು ಹಾಗೆ’ ಅಂತ ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಬಡಿಸೋದು. ಫ್ಲ್ಯಾಟು, ಕಾರು, ಮ್ಯೂಚುವಲ್ ಫಂಡು ಇರುವ ನಾವು ಯಾವುದನ್ನು ಆರಿಸ್ಕೊಳ್ತೀವಿ? ಬಾಗಿಲನ್ನೇ.

ಮುಂದಿನ ವಾಕ್ಯ ಓದಿದ್ರೆ ಸಾಕಿತ್ತು. ಶಿಷ್ಯರು ಬೆಚ್ಚಿಬಿದ್ದು, ಹಾಗಾದರೆ ರಕ್ಷಣೆ ಸಿಗೋದು ಯಾರಿಗೆ ಅಂತ ಕೇಳ್ತಾರೆ. ಮಂಡಿಯೂರಿ ದಾಟಬಹುದಾದ ಬಾಗಿಲಾಗಿದ್ರೆ ಬೆಚ್ಚೋದೇಕೆ? ಇಷ್ಟು ತಿಳಿಯೋಕೆ ಕನ್ನಡ ಬೈಬಲ್ ಸಾಕು. ಅದೂ ಸುಮ್ಮನೆ ಬಂದದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಪೂರ್ತಿ ಕನ್ನಡ ಬೈಬಲ್ ಸಿದ್ಧವಾದದ್ದು 1831ರಲ್ಲಿ. ಇಪ್ಪತ್ತು ವರ್ಷ ಹಿಡಿದ ಪುಸ್ತಕಕ್ಕೆ ನಾವು ಇಪ್ಪತ್ತು ನಿಮಿಷ ಕೊಡಲ್ಲ.

ಎಐ ಬೇಡವೇ ಬೇಡ ಅಂತಲ್ಲ. ಈ ಊರೆಲ್ಲಿದೆ, ಈ ಪದ ಬೇರೆಲ್ಲಿ ಬಂದಿದೆ ಅಂತ ಕೇಳಿ, ಪುಸ್ತಕ ತೆರೆದು ತಾಳೆ ನೋಡಿ. ‘ಇದು ನನಗೇನು ಹೇಳ್ತಿದೆ’ ಅಂತ ಮಾತ್ರ ಕೇಳಬೇಡಿ. ಗೋಕಾಕ, ಮೂಡಲಗಿ ಕಡೆಯ ರೈತ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣಿನ ವಿಷಯ ಕೇಳೋಕೆ ಹೋದರೆ ತನ್ನ ಹೊಲದ ಮಣ್ಣನ್ನೇ ಒಯ್ಯಬೇಕು. ಊರಿನ ಹೊಲಗಳ ಸರಾಸರಿ ನೋಡಿ ಗೊಬ್ಬರ ಹಾಕಿದರೆ ಬೆಳೆ ಕೈಗೆ ಹತ್ತಲ್ಲ. ಎಐ ಕೊಡೋದು ಆ ಸರಾಸರಿಯನ್ನೇ.

ಅದೇ ಅಧ್ಯಾಯದಲ್ಲಿ ಒಬ್ಬ ಶ್ರೀಮಂತ ಯುವಕನೂ ಇದ್ದಾನೆ. ಇದ್ದದ್ದನ್ನು ಮಾರಿ ಬಡವರಿಗೆ ಕೊಡು ಅಂದಾಗ ದುಃಖದಿಂದ ಹೊರಟುಹೋದ. ಪಾಪ, ಅವನಿಗೆ ಮಾತು ಸರಿಯಾಗಿಯೇ ಅರ್ಥವಾಗಿತ್ತು.